ಬಾರದ ಗುಳ್ಳೆಯ ಲೆಕ್ಕ

ನೀರಿಗೆ ಒಂದಿಷ್ಟು ಗಂಧಕಾಮ್ಲ ಬೆರೆಸಿ, ಎರಡು ಲೋಹದ ತಂತಿ ಇಳಿಬಿಟ್ಟು, ಬ್ಯಾಟರಿಗೆ ಜೋಡಿಸಿದರೆ ಎರಡೂ ತಂತಿಗಳ ಮೈಮೇಲೆ ಗುಳ್ಳೆ ಏಳುತ್ತವೆ. ಒಂದರ ಮೇಲೆ ಹೈಡ್ರೋಜನ್, ಇನ್ನೊಂದರ ಮೇಲೆ ಆಮ್ಲಜನಕ. ಮೊದಲನೆಯದು ಎರಡು ಪಾಲು, ಎರಡನೆಯದು ಒಂದು ಪಾಲು. ಹೈಸ್ಕೂಲು ಮೆಟ್ಟಿಲು ಹತ್ತಿದವರೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತಾರೆ. ತಂತಿಗಳು ಪ್ಲಾಟಿನಂನವಾದರೆ ಪಾಠದಲ್ಲಿ ಹೇಳಿದ ಹಾಗೆಯೇ ನಡೆಯುತ್ತದೆ. ಆದರೆ ಹೈಡ್ರೋಜನ್ ಬರಬೇಕಾದ ಕಡೆ ಪಲ್ಲೇಡಿಯಂ ತಂತಿ ಇಟ್ಟು ಕರೆಂಟನ್ನು ಸಣ್ಣಗೆ ಹರಿಯಬಿಟ್ಟು ನೋಡಿ. ಆಮ್ಲಜನಕದ ಕಡೆ ಗುಳ್ಳೆಗಳು ಎಂದಿನಂತೆ ಸಾಲುಗಟ್ಟಿ ಏಳುತ್ತವೆ. ಪಲ್ಲೇಡಿಯಂ ಕಡೆ ಏನೂ ಇಲ್ಲ. ಕರೆಂಟು ಹರಿಯುತ್ತಿದೆ ಎಂದು ಮೀಟರಿನ ಮುಳ್ಳು ಹೇಳುತ್ತದೆ. ನೀರು ಒಡೆಯುತ್ತಿದೆ ಎಂದು ಆಚೆ ಕಡೆಯ ಗುಳ್ಳೆಗಳು ಸಾಕ್ಷಿ ನುಡಿಯುತ್ತವೆ. ಹಾಗಾದರೆ ಆ ಎರಡು ಪಾಲು ಹೈಡ್ರೋಜನ್ ಎಲ್ಲಿ ಹೋಯಿತು?

ಬೆರಗೆಂದರೆ ಕಣ್ಣಿಗೆ ಏನಾದರೂ ದೊಡ್ಡದು ಬೀಳಬೇಕು ಎಂದುಕೊಂಡು ಬಂದವರು ನಾವು. ಗ್ರಹಣ, ಜಲಪಾತ, ಬಾಲಚುಕ್ಕೆ. ಇಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಬೀಳಬೇಕಾದದ್ದು ಬಿದ್ದಿಲ್ಲ, ಅಷ್ಟೆ. ಎಷ್ಟು ಬರಬೇಕಿತ್ತು ಎಂದು ಮೊದಲೇ ಲೆಕ್ಕ ಹಾಕಿಟ್ಟುಕೊಂಡವನಿಗೆ ಮಾತ್ರ ಈ ಕೊರತೆ ಕಾಣುತ್ತದೆ. ಲೆಕ್ಕ ಇಡದವನಿಗೆ ಅದು ಸುಮ್ಮನೆ ನೀರಿನಲ್ಲಿ ಇಳಿಬಿಟ್ಟ ಒಂದು ಬೂದುಬಣ್ಣದ ತಂತಿ.

ಬೀದರ್ ಸೀಮೆಯ ಕೊಡಂಬಲದಂಥ ಊರಿನಲ್ಲಿ ಕೂತು ಪಲ್ಲೇಡಿಯಂ ಬಗ್ಗೆ ಯೋಚಿಸುವುದು ಕೊಂಚ ವಿಚಿತ್ರವೇ. ನಮ್ಮ ಕಡೆ ಲೋಹ ಎಂದರೆ ಹೊಲದಲ್ಲಿ ಕಬ್ಬಿಣ, ಅಡುಗೆಮನೆಯಲ್ಲಿ ತಾಮ್ರ-ಹಿತ್ತಾಳೆ, ಅಪರೂಪಕ್ಕೆ ಶೋಕೇಸಿನಲ್ಲಿ ಒಂದು ಬಿದರಿ ಹೂಜಿ. ಆದರೆ ನೀರು ಒಡೆದು ಗಾಳಿಯಾಗುವುದನ್ನು ನೋಡಲು ಈಗ ಯಾವ ಪ್ರಯೋಗಶಾಲೆಗೂ ಹೋಗಬೇಕಿಲ್ಲ. ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ರಾತ್ರಿಯೆಲ್ಲ ಚಾರ್ಜ್ ಆಗಿ ಹೊಟ್ಟೆ ತುಂಬಿದ ಬ್ಯಾಟರಿಯ ಹತ್ತಿರ ಕಿವಿಯಿಟ್ಟರೆ ಒಳಗೆ ಗುಳುಗುಳು ಸದ್ದು. ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದು ಬರುವ ಹುಡುಗ ಬೂಚು ಬಿಚ್ಚಿ ನೋಡಿ ಹೇಳುತ್ತಾನೆ: "ಸರ್, ಬ್ಯಾಟ್ರಿ ಕುದಿಲತ್ತದ ರೀ, ನೀರ್ ಬಾಳ್ ಕುಡಿಲತ್ತದ." ಅವನು ಕುದಿಯುವುದು ಎಂದದ್ದಕ್ಕೆ ಬಿಸಿ ಕಾರಣವಲ್ಲ. ಸೀಸದ ಹಾಳೆಗಳ ಮೇಲೆ ನೀರು ಹೈಡ್ರೋಜನ್ ಆಗಿ, ಆಮ್ಲಜನಕ ಆಗಿ ಬಿಟ್ಟುಹೋಗುತ್ತಿದೆ. ಬ್ಯಾಟರಿ ಕುಡಿದ ನೀರೆಲ್ಲ ಕಿಟಕಿಯಿಂದ ಆಚೆ ಹೋಗಿದೆ. ಹೋಗಲೇಬೇಕು ಕೂಡ. ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಸೀಸದ ಒಂದು ಗುಣ ಇಲ್ಲಿ ಗಮನಿಸುವಂಥದ್ದು. ನೀರನ್ನು ಒಡೆಯಲು ತತ್ತ್ವಕ್ಕೆ 1.23 ವೋಲ್ಟ್ ಸಾಕು. ಬ್ಯಾಟರಿಯ ಒಂದೊಂದು ಕೋಣೆಯಲ್ಲೂ ಸುಮಾರು 2 ವೋಲ್ಟ್ ಇರುತ್ತದೆ. ಆ ಲೆಕ್ಕದಲ್ಲಿ ಅದು ಹಗಲೂ ರಾತ್ರಿ ಗುಳ್ಳೆ ಬಿಡುತ್ತಲೇ ಇರಬೇಕಿತ್ತು. ಆದರೆ ಹೈಡ್ರೋಜನ್ ಹುಟ್ಟಿಸುವ ಕೆಲಸದಲ್ಲಿ ಸೀಸ ಮಹಾ ಸೋಮಾರಿ. 2.4 ವೋಲ್ಟಿನ ಹತ್ತಿರ ಒತ್ತಿದಾಗಲೇ ಅದು ಜೋರಾಗಿ ಗಾಳಿ ಬಿಡುವುದು. ಈ ಸೋಮಾರಿತನ ಇಲ್ಲದಿದ್ದರೆ ಸೀಸದ ಬ್ಯಾಟರಿ ಎಂಬ ವಸ್ತುವೇ ಇರುತ್ತಿರಲಿಲ್ಲ. ಒಂದೊಂದು ಲೋಹಕ್ಕೆ ಒಂದೊಂದು ಮಟ್ಟದ ಈ ಹಿಂಜರಿಕೆಯನ್ನು ಅಳೆದು, ಕರೆಂಟಿಗೂ ವೋಲ್ಟಿಗೂ ನಡುವಿನ ಸಂಬಂಧವನ್ನು ಸೂತ್ರವಾಗಿ ಬರೆದವನು ಜರ್ಮನಿಯಲ್ಲಿ ಕಲಿಸುತ್ತಿದ್ದ ಯೂಲಿಯಸ್ ಟಾಫೆಲ್, 1905ರಲ್ಲಿ. ಹಿಂಜರಿದರೂ ಸೀಸದ ವ್ಯವಹಾರ ನೇರ. ಬಂದ ಹೈಡ್ರೋಜನ್ ಅದರ ಮೈಮೇಲೆಯೇ ಹುಟ್ಟಿ ಮೈಮೇಲಿಂದಲೇ ಹೊರಡುತ್ತದೆ. ಒಳಗೆ ಪ್ರವೇಶವಿಲ್ಲ.

ಬೀದರಿನ ಬಿದರಿಯದೂ ಮೈಮೇಲಿನ ರಸಾಯನವೇ. ಹೆಚ್ಚು ಪಾಲು ಸತುವು, ಸ್ವಲ್ಪ ತಾಮ್ರ ಸೇರಿದ ಎರಕದ ಮೇಲೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜಿದಾಗ ಸತುವಿನ ಮೈ ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಬಿಳುಪು ಬಿಡುವುದಿಲ್ಲ. ಸತುವು ನವಸಾಗರದ ಬಿಸಿ ದ್ರಾವಣದಲ್ಲಿ ಕರಗುವಾಗಲೂ ಹೈಡ್ರೋಜನ್ ಹೊಮ್ಮುತ್ತದೆ. ಅದೂ ಚರ್ಮದ ಮೇಲಿನ ಮಾತು. ಲೋಹ ಎಂದರೆ ಗಟ್ಟಿ, ಗಟ್ಟಿ ಎಂದರೆ ಒಳಗೆ ಜಾಗವಿಲ್ಲ ಎಂಬ ನಮ್ಮ ನಂಬಿಕೆಗೆ ಸೀಸವೂ ಸತುವೂ ಭಂಗ ತರುವುದಿಲ್ಲ.

ಭಂಗ ತಂದದ್ದು ಪಲ್ಲೇಡಿಯಂ. ಅದನ್ನು ಹಿಡಿದು ಕೂತವನು ಥಾಮಸ್ ಗ್ರಹಾಂ ಎಂಬ ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ. ಅವನ ಉದ್ಯೋಗವೂ ಈ ಕಥೆಗೆ ತಕ್ಕದ್ದೇ: ಲಂಡನ್ನಿನ ಟಂಕಸಾಲೆಯ ಮುಖ್ಯಸ್ಥ. ನಾಣ್ಯದ ತೂಕದಲ್ಲಿ ಗುಂಜಿಯಷ್ಟು ಏರುಪೇರಾದರೂ ಉತ್ತರ ಹೇಳಬೇಕಾದ ಕುರ್ಚಿ ಅದು. 1866ರಲ್ಲಿ ಅವನು ಪಲ್ಲೇಡಿಯಂ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ನನ್ನು ನುಂಗಬಲ್ಲದು ಎಂದು ತೋರಿಸಿದ. ಮುಂದಿನ ಎರಡು ಮೂರು ವರ್ಷಗಳಲ್ಲಿ ಅದೇ ಲೋಹವನ್ನು ನೀರಿನಲ್ಲಿ ಕ್ಯಾಥೋಡ್ ಆಗಿ, ಅಂದರೆ ಹೈಡ್ರೋಜನ್ ಬರುವ ಕಡೆಯ ತಂತಿಯಾಗಿ, ಇಟ್ಟು ಕರೆಂಟಿನಿಂದಲೇ ತುಂಬಿಸಿದ. ಹಾಗೆ ತುಂಬಿಸಿದಾಗ ಅದು ತನ್ನ ಗಾತ್ರದ 900 ಪಟ್ಟಿಗೂ ಹೆಚ್ಚು ಅನಿಲ ಹಿಡಿಯಿತು. ತಂತಿಯ ಉದ್ದ ಅಳೆದ: ಹಿಗ್ಗಿತ್ತು. ಅನಿಲವನ್ನು ಹೊರಡಿಸಿ ಮತ್ತೆ ಅಳೆದ: ಮೊದಲಿದ್ದಕ್ಕಿಂತಲೂ ಗಿಡ್ಡವಾಗಿತ್ತು. ಹೊಕ್ಕಿದ್ದು ಬರೀ ಗಾಳಿಯಲ್ಲ, ಲೋಹದೊಂದಿಗೆ ಲೋಹವಾಗಿ ಬೆರೆತ ಏನೋ ಒಂದು ಎಂದು ಅವನಿಗೆ ತೋರಿ, ಅದಕ್ಕೆ ಹೈಡ್ರೋಜೀನಿಯಂ ಎಂದು ಹೆಸರಿಟ್ಟ. ಟಂಕಸಾಲೆಯವನಲ್ಲವೇ, ಹೈಡ್ರೋಜನ್ ತುಂಬಿದ ಪಲ್ಲೇಡಿಯಂನಿಂದ ಪದಕಗಳನ್ನೇ ಅಚ್ಚು ಹಾಕಿಸಿದ. 1869ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಗಾಳಿ ಬೆರೆಸಿ ಪದಕ ಮಾಡಿದ ಟಂಕಸಾಲೆ ಅಧಿಕಾರಿ ಇನ್ನೊಬ್ಬ ಇದ್ದಾನೋ ಕಾಣೆ.

ಎರಡು ಪಾಲು ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು: ಲೋಹದ ಒಳಗೆ. ಆದರೆ ಉತ್ತರದೊಳಗೆ ಇನ್ನೊಂದು ಬೆರಗು ಕಾದಿತ್ತು. ಒಳಗೆ ಹೋದದ್ದು ಹೇಗೆ? ನೀರಿನಿಂದ ಬಂದ ಪ್ರೋಟಾನ್ ಒಂದು ಲೋಹದ ಅಂಚಿನಲ್ಲಿ ಎಲೆಕ್ಟ್ರಾನ್ ಪಡೆದು ಹೈಡ್ರೋಜನ್ ಪರಮಾಣುವಾಗಿ ಅಂಟಿಕೊಳ್ಳುತ್ತದೆ. ಅಲ್ಲಿಂದ ಅದಕ್ಕೆ ಎರಡು ದಾರಿ. ಪಕ್ಕದಲ್ಲಿ ಇನ್ನೊಂದು ಪರಮಾಣು ಸಿಕ್ಕರೆ ಜೋಡಿಯಾಗಿ ಅಣುವಾಗಬಹುದು. ಅಂಥ ಅಣುಗಳು ಒಟ್ಟುಗೂಡಿ ಗುಳ್ಳೆ. ಒಂದು ಮಿಲಿಮೀಟರ್ ಅಗಲದ ಗುಳ್ಳೆ ಕಟ್ಟಲು ನೂರು ಕೋಟಿ ಕೋಟಿಗೂ ಮಿಕ್ಕಿ ಅಣುಗಳು ಬೇಕು. ಇಲ್ಲವೇ, ಜೋಡಿಯಾಗದೆ ಒಂಟಿಯಾಗಿಯೇ ಲೋಹದ ಪರಮಾಣುಗಳ ನಡುವಿನ ಸಂದಿಗೆ ಇಳಿಯಬಹುದು. ಹೈಡ್ರೋಜನ್ ಲೋಹದೊಳಗೆ ಹೋಗುವುದು ಒಂಟಿಯಾಗಿ; ಹೊರಬರುವುದು ಜೋಡಿಯಾಗಿ.

ಬಾರದ ಪಾಲನ್ನು ಹಿಡಿದುಕೊಟ್ಟದ್ದು ಫ್ಯಾರಡೆ 1834ರ ಹೊತ್ತಿಗೆ ಬರೆದಿಟ್ಟ ನಿಯಮ. ಅದು ನಿಜಕ್ಕೂ ಒಂದು ಖಾತೆ ಪುಸ್ತಕ. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಸುಮಾರು 450 ಮಿಲಿಲೀಟರ್ ಹೈಡ್ರೋಜನ್ ಬರಲೇಬೇಕು. ಕಡಿಮೆ ಬಂದರೆ ಉಳಿದದ್ದು ಎಲ್ಲಿದೆ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಎರೆ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಬದುವಿನ ಕಾಲುವೆಯಲ್ಲಿ ಒಂದು ಹನಿಯೂ ಹರಿಯುವುದಿಲ್ಲ. ಮಣ್ಣು ಕುಡಿಯುತ್ತದೆ, ಕುಡಿದು ಉಬ್ಬುತ್ತದೆ, ಬಾಯ್ಬಿಟ್ಟ ಬಿರುಕುಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆಮೇಲಷ್ಟೇ ನೀರು ಹರಿದು ಹೊರಡುವುದು. ಪಲ್ಲೇಡಿಯಂನ ಮೌನವೂ ಇದೇ. ಮೊದಮೊದಲು ಹೈಡ್ರೋಜನ್ ಅಲ್ಲಲ್ಲಿ ಚದುರಿ ನೆಲೆಸುತ್ತದೆ. ಪ್ರಮಾಣ ಏರಿದಂತೆ ಲೋಹದ ಜಾಲವೇ ಸರಿದು, ದೊಡ್ಡದಾದ ಹೊಸ ಜೋಡಣೆಗೆ ಬದಲಾಗುತ್ತದೆ. ಗಾತ್ರ ನೂರಕ್ಕೆ ಹತ್ತರಷ್ಟು ಹಿಗ್ಗುತ್ತದೆ. ಹತ್ತು ಪಲ್ಲೇಡಿಯಂ ಪರಮಾಣುಗಳಿಗೆ ಆರೋ ಏಳೋ ಹೈಡ್ರೋಜನ್ ಎಂಬಷ್ಟಕ್ಕೆ ಬಂದಮೇಲೆ ತುಂಬುವುದು ಕಷ್ಟವಾಗುತ್ತ ಹೋಗುತ್ತದೆ. ಕರೆಂಟಿನ ಬಲದಿಂದ ಒತ್ತಿದರೆ ಒಂಬತ್ತನ್ನು ದಾಟಿಸಿದವರಿದ್ದಾರೆ. ಆ ಹೊತ್ತಿಗೆ ಮೇಲೆ ಗುಳ್ಳೆಗಳು ಧಾರಾಳವಾಗಿ ಏಳುತ್ತಿರುತ್ತವೆ. ಕುಡಿಯಬೇಕಾದಷ್ಟು ಕುಡಿದಾಗಿದೆ.

ಹೀಗೆ ತುಂಬಿಕೊಂಡ ಹೈಡ್ರೋಜನ್ ಎಷ್ಟು ಒತ್ತಾಗಿ ಕೂತಿದೆ ಎಂದು ಕೇಳಿದರೆ ತಲೆ ತಿರುಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕ್ರಯೋಜೆನಿಕ್ ಎಂಜಿನ್ ತಯಾರಿಕೆಗೆಂದೇ ಒಂದು ದೊಡ್ಡ ಘಟಕ ಉದ್ಘಾಟನೆಯಾಯಿತು. ಆ ಬಗೆಯ ರಾಕೆಟ್ ಎಂಜಿನ್ ಉರಿಸುವ ಹೈಡ್ರೋಜನ್ನನ್ನು ದ್ರವವಾಗಿಡಬೇಕಾದರೆ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಬೇಕು. ಅಷ್ಟು ಶೀತ ಸಹಿಸಿ ದ್ರವವಾದ ಹೈಡ್ರೋಜನ್ ಎಷ್ಟು ದಟ್ಟವೋ, ಮೇಜಿನ ಮೇಲಿಟ್ಟ ಪಲ್ಲೇಡಿಯಂ ತುಂಡಿನೊಳಗೆ ಬೇಸಿಗೆಯ ಸೆಕೆಯಲ್ಲೂ ಅದು ಅಷ್ಟೇ ದಟ್ಟವಾಗಿ ಕೂತಿರುತ್ತದೆ. ಹಾಗಂತ ಕಲ್ಲಿನಂತೆ ನಿಂತಿರುವುದೂ ಇಲ್ಲ. ಒಂದು ಸಂದಿಯಿಂದ ಇನ್ನೊಂದಕ್ಕೆ ಹಾರುತ್ತ, ಗಟ್ಟಿ ಲೋಹದೊಳಗೆ ಕೆಲವೇ ಗಂಟೆಗಳಲ್ಲಿ ಒಂದು ಮಿಲಿಮೀಟರ್ ದೂರ ನಡೆದುಬಿಡುತ್ತದೆ. ಬೇರೆ ಯಾವ ಅನಿಲಕ್ಕೂ ಈ ದಾರಿ ಬಿಡದ ಪಲ್ಲೇಡಿಯಂ, ಬೆಳ್ಳಿ ಬೆರೆಸಿ ಕಾಯಿಸಿದರೆ, ಅತಿ ಶುದ್ಧ ಹೈಡ್ರೋಜನ್ನನ್ನು ಸೋಸಿಕೊಡುವ ತೆರೆಯಾಗುತ್ತದೆ.

ಈಗ ಕರೆಂಟು ನಿಲ್ಲಿಸೋಣ. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಇರುವುದು ಈ ಘಳಿಗೆಯಲ್ಲಿ. ಪ್ಲಾಟಿನಂ ತಂತಿಯಾದರೆ ಸ್ವಿಚ್ ಆರಿಸಿದ ಕೂಡಲೇ ಗುಳ್ಳೆಗಳೂ ನಿಲ್ಲುತ್ತವೆ. ಕೊಡುವುದು ನಿಂತಿತು, ಬರುವುದೂ ನಿಂತಿತು. ತುಂಬಿದ ಪಲ್ಲೇಡಿಯಂ ಮಾತ್ರ ಗುಳ್ಳೆ ಬಿಡುತ್ತಲೇ ಇರುತ್ತದೆ. ಮೀಟರಿನ ಮುಳ್ಳು ಸೊನ್ನೆಯಲ್ಲಿದೆ, ತಂತಿ ಕಳಚಿಟ್ಟಿದೆ, ಆದರೂ ಲೋಹದ ಮೈಯಿಂದ ಅನಿಲ ಏಳುತ್ತಿದೆ. ಗಮನಿಸಿದರೆ ಮೈಯೆಲ್ಲ ಒಂದೇ ಸಮನೆ ಏಳುವುದೂ ಇಲ್ಲ. ಒಂದು ಗೀರು, ಒಂದು ಅಂಚು, ಕಣ್ಣಿಗೆ ಕಾಣದ ಒಂದು ಬಿರುಕು: ಅಂಥ ಕಡೆಯಿಂದಲೇ ಮತ್ತೆ ಮತ್ತೆ ಗುಳ್ಳೆಗಳ ಎಳೆ ಮೇಲೇರುತ್ತದೆ. ಒಂಟಿ ಪರಮಾಣುಗಳು ಒಳಗಿಂದ ಅಂಚಿಗೆ ಬಂದು, ಅಲ್ಲಿ ಜೊತೆ ಹುಡುಕಿ, ಅಣುವಾಗಿ, ಗುಳ್ಳೆಗೆ ಸೇರಿ ಹೊರಡುತ್ತಿವೆ. ಜೊತೆಯಾಗಲು ತಕ್ಕ ಜಾಗವಿರುವ ಕಡೆ ದಾರಿ ಸಲೀಸು. ಮೈಮೇಲೆ ಬೇರೆ ಲೋಹದ ತೆಳುವಾದ ಪೊರೆ ಕೂತರೆ ಹೊರಬರುವುದೇ ತಡ. ಲೋಹವನ್ನು ನೀರಿನಿಂದ ತೆಗೆದು ಒರೆಸಿ ಗಾಳಿಯಲ್ಲಿಟ್ಟರೆ ಹೊರಬಂದ ಹೈಡ್ರೋಜನ್ ಅಲ್ಲೇ ಆಮ್ಲಜನಕದೊಂದಿಗೆ ಕೂಡಿ ಮತ್ತೆ ನೀರಾಗುತ್ತದೆ, ತುಂಡು ತಾನಾಗಿ ಬೆಚ್ಚಗಾಗುತ್ತದೆ. ಯಾವ ವಿಜ್ಞಾನವೂ ಗೊತ್ತಿಲ್ಲದವನ ಅಂಗೈಯಲ್ಲಿ ಆ ತುಂಡು ಇಟ್ಟರೆ ಇದಕ್ಕೆ ಜೀವವಿದೆ ಎಂದಾನು. ಗೊತ್ತಿದ್ದವನಿಗೂ ಹಾಗೆ ಅನ್ನಿಸದೆ ಇರುವುದಿಲ್ಲ. ವಿವರಣೆ ಬಂದ ಮಾತ್ರಕ್ಕೆ ಬೆರಗು ಎದ್ದುಹೋಗುವುದಿಲ್ಲ. ಹೊರಗಿಂದ ಕೊಡುವುದು ನಿಂತಮೇಲೂ ಒಳಗಿನ ಜಮೆಯಿಂದ ಖರ್ಚು ನಡೆಯುತ್ತಿದೆ ಎಂದು ತಿಳಿದಮೇಲೆ ನೋಟ ಇನ್ನಷ್ಟು ಚುರುಕಾಗುತ್ತದೆ.

ನಮ್ಮ ಪಕ್ಕದ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಒಬ್ಬ ಭಂಡಾರಿ ಇದ್ದ. ಬಸವಣ್ಣ ಮೊದಲು ಮಂಗಳವಾಡದಲ್ಲಿ ಕರಣಿಕನಾಗಿದ್ದು, ಆಮೇಲೆ ಬಿಜ್ಜಳನ ಭಂಡಾರ ನೋಡಿಕೊಂಡ ಎಂದು ಪರಂಪರೆ ಹೇಳುತ್ತದೆ. ಅವನ ಒಂದು ವಚನದಲ್ಲಿ ನೀರಿನ ಗುಳ್ಳೆಯನ್ನು ಕಬ್ಬಿಣದಿಂದ ಬಿಗಿದು ಭದ್ರಪಡಿಸಲು ಹೊರಟವರ ಸಂಭ್ರಮದ ಬಗ್ಗೆ ಗೇಲಿಯಿದೆ. ಹೇಳಿದ್ದು ಈ ದೇಹದ ವಿಷಯ, ರಸಾಯನದ್ದಲ್ಲ. ಹಳೆಯ ವಚನದಲ್ಲಿ ಹೊಸ ವಿಜ್ಞಾನ ಹುಡುಕುವ ಚಟ ನನಗಿಲ್ಲ. ಆದರೂ ಆ ಚಿತ್ರ ಮನಸ್ಸಿಗೆ ಬಂದಾಗಲೆಲ್ಲ ಡಬ್ಲ್ಯು. ಎಚ್. ಜಾನ್ಸನ್ ಎಂಬಾತ 1875ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದದ್ದು ಜೊತೆಗೇ ನೆನಪಾಗುತ್ತದೆ. ಆಮ್ಲದಲ್ಲಿ ಕೆಲವು ನಿಮಿಷ ಅದ್ದಿದ ಕಬ್ಬಿಣದ ತಂತಿ, ಮೊದಲು ಬಗ್ಗುತ್ತಿದ್ದದ್ದು, ಪಟಕ್ಕನೆ ಮುರಿಯುತ್ತಿತ್ತು. ಮುರಿದ ಬಾಯಿಗೆ ತೇವ ಮಾಡಿದರೆ ಅಲ್ಲಿಂದ ನೊರೆ ನೊರೆಯಾಗಿ ಗುಳ್ಳೆ ಬರುತ್ತಿತ್ತು. ಕೆಲವು ದಿನ ಬಿಟ್ಟರೆ ತಂತಿಗೆ ಹಳೆಯ ಮೆದುತನ ವಾಪಸು. ಗುಳ್ಳೆಯನ್ನು ಕಬ್ಬಿಣ ಹಿಡಿದಿಟ್ಟಿತ್ತು ನಿಜ. ಆದರೆ ಹಿಡಿದಿಟ್ಟ ಕಬ್ಬಿಣವೇ ಮುರಿಯಿತು. ಭಂಡಾರಿಯ ಗೇಲಿ ಸುಳ್ಳಾಗಲಿಲ್ಲ.

ಪಲ್ಲೇಡಿಯಂನಂತೆ ಕಬ್ಬಿಣ ಹೈಡ್ರೋಜನ್ನನ್ನು ಆದರದಿಂದ ಕೂರಿಸಿಕೊಳ್ಳುವುದಿಲ್ಲ. ಅದರೊಳಗೆ ಸೇರುವುದು ಅತ್ಯಲ್ಪ, ಆ ಅತ್ಯಲ್ಪವೇ ಒತ್ತಡ ಬಿದ್ದ ಕಡೆ ಒಟ್ಟುಗೂಡಿ ಬಿರುಕಿಗೆ ದಾರಿ ಮಾಡುತ್ತದೆ. ಆಮ್ಲದಲ್ಲಿ ಗಂಧಕದ ಅಥವಾ ಆರ್ಸೆನಿಕ್‌ನ ಅಂಶವಿದ್ದರಂತೂ ಮೇಲಿನ ಪರಮಾಣುಗಳು ಜೋಡಿಯಾಗಲು ಆಗದೆ ಇನ್ನೂ ಹೆಚ್ಚಾಗಿ ಒಳಗೆ ಇಳಿಯುತ್ತವೆ. ಗಟ್ಟಿ ಉಕ್ಕಿನ ಬೋಲ್ಟಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಗಳಲ್ಲಿ, ಲೇಪವಾದ ತಕ್ಷಣ ಬೋಲ್ಟುಗಳನ್ನು ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವುದು ಇದೇ ಕಾರಣಕ್ಕೆ: ಹೊಳಪು ಕೊಡುವಾಗ ಕಳ್ಳದಾರಿಯಲ್ಲಿ ಹೊಕ್ಕ ಹೈಡ್ರೋಜನ್ನನ್ನು ಹೊರಗೆ ಕಳಿಸಲು. ಕಾಯಿಸುವುದನ್ನು ಮರೆತರೆ ಬೋಲ್ಟು ನೋಡಲು ಚೆನ್ನಾಗಿಯೇ ಇರುತ್ತದೆ, ಬಿಗಿ ಮಾಡಿ ಒಂದೆರಡು ದಿನ ಕಳೆದಮೇಲೆ ತಲೆ ಹಾರುತ್ತದೆ. ಬಾರದ ಗುಳ್ಳೆಯ ಲೆಕ್ಕ ಇಡದವರಿಗೆ ಬೀಳುವ ದಂಡ ಇದು.

ಇನ್ನೊಂದು ಬಗೆಯ ದಂಡವೂ ಇದೆ. ಖಾತೆಯಲ್ಲಿ ಕಂಡ ತೆರಪಿಗೆ ಮನಸ್ಸಿಗೆ ಬೇಕಾದ ಸಂಖ್ಯೆ ತುಂಬುವುದು. 1926ರಲ್ಲಿ ಬರ್ಲಿನ್ನಿನ ಫ್ರಿಟ್ಸ್ ಪಾನೆಟ್ ಮತ್ತು ಕರ್ಟ್ ಪೀಟರ್ಸ್, ಪಲ್ಲೇಡಿಯಂ ಹೀರಿದ ಹೈಡ್ರೋಜನ್ ಹೀಲಿಯಂ ಆಗಿ ಬದಲಾಗುತ್ತಿದೆ ಎಂದು ಪ್ರಕಟಿಸಿದರು. ಸೂರ್ಯನೊಳಗೆ ಆಗುವಂಥದ್ದು ಪಾತ್ರೆಯೊಳಗೆ ಆಗುತ್ತಿದೆ ಎಂದ ಹಾಗೆ! ಲೋಕ ಬೆರಗಾಗಲು ಇಷ್ಟು ಸಾಕಿತ್ತು. ಆದರೆ ಅವರಿಬ್ಬರೂ ಲೆಕ್ಕ ಮುಚ್ಚಲಿಲ್ಲ. ಗಾಜನ್ನು ಹೈಡ್ರೋಜನ್ ನಡುವೆ ಕಾಯಿಸಿದಾಗ ಅದರಲ್ಲಿ ಮೊದಲೇ ಸೇರಿದ್ದ ಹೀಲಿಯಂ ಬಿಡುಗಡೆಯಾಗುತ್ತದೆ ಎಂದು ತಾವೇ ಕಂಡುಕೊಂಡು, ಮರುವರ್ಷವೇ ಹಿಂದಿನ ಮಾತನ್ನು ವಾಪಸು ಪಡೆದರು. ವಿಜ್ಞಾನದ ಚರಿತ್ರೆಯಲ್ಲಿ ನನಗೆ ತುಂಬ ಪ್ರಿಯವಾದ ಪುಟ ಇದು. ದೊಡ್ಡದನ್ನು ಕಂಡೆ ಎಂದವರು ಬಹಳ. ಹೆಚ್ಚಾಗಿ ಬಂದ ಜಮೆ ಗಾಜಿನದು, ನನ್ನದಲ್ಲ ಎಂದು ಬರೆದವರು ಕಡಿಮೆ.

ಅರವತ್ತು ವರ್ಷ ಕಳೆದು, 1989ರ ಮಾರ್ಚ್ 23ರಂದು, ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೈಶ್‌ಮನ್ ಮತ್ತು ಸ್ಟ್ಯಾನ್ಲಿ ಪಾನ್ಸ್ ಪತ್ರಿಕಾಗೋಷ್ಠಿ ಕರೆದರು. ಭಾರಜಲದಲ್ಲಿ, ಅಂದರೆ ಭಾರ ಹೈಡ್ರೋಜನ್‌ನ ನೀರಿನಲ್ಲಿ, ಪಲ್ಲೇಡಿಯಂ ಇಟ್ಟು ಕರೆಂಟು ಹರಿಸಿದಾಗ, ಕೊಟ್ಟದ್ದಕ್ಕಿಂತ ಹೆಚ್ಚು ಶಾಖ ಬಂತು ಎಂದರು. ಇದು ಪರಮಾಣು ಸಮ್ಮಿಳನ ಎಂಬುದು ಅವರ ವಾದ. ತಿರುಗಿ ನೋಡಿದರೆ ಜಗಳವೆಲ್ಲ ಗುಳ್ಳೆಯ ಲೆಕ್ಕದ್ದೇ. ಹೊರಗೆ ಹೋಗುವ ಅನಿಲ ತನ್ನೊಂದಿಗೆ ಶಕ್ತಿಯನ್ನೂ ಒಯ್ಯುತ್ತದೆ, ಅದನ್ನು ಖರ್ಚಿನ ಕಡೆ ಬರೆಯಬೇಕು. ಹಾಗೆ ಬರೆದಮೇಲೆ ಅದೇ ಅನಿಲ ಪಾತ್ರೆಯೊಳಗೇ ಕೂಡಿ ನೀರಾದರೆ ಆ ಶಾಖ ಒಳಗೇ ಉಳಿಯುತ್ತದೆ, ಲೆಕ್ಕದಲ್ಲಿ ಮಾತ್ರ ಹೆಚ್ಚುವರಿಯಾಗಿ ಕಾಣುತ್ತದೆ. ಎಷ್ಟು ಹೋಯಿತು, ಎಷ್ಟು ಉಳಿಯಿತು, ಎಷ್ಟು ಲೋಹದೊಳಗೆ ಕೂತಿತು ಎಂದು ಚೂರು ಚೂರಿಗೂ ಬರೆದಿಟ್ಟವರಷ್ಟೇ ಮಾತಾಡಬಹುದಾದ ವಿಷಯ. ಮಾತಾಡಿದ್ದು ಮಾತ್ರ ಎಲ್ಲರೂ.

ಭಾರತದಲ್ಲಿ ಇದನ್ನು ತಕ್ಷಣ ಕೈಗೆತ್ತಿಕೊಂಡದ್ದು ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ. ಆಗ ಅದರ ನಿರ್ದೇಶಕರಾಗಿದ್ದ ಪಿ. ಕೆ. ಅಯ್ಯಂಗಾರ್ ಮತ್ತು ಎಂ. ಶ್ರೀನಿವಾಸನ್ ಅಲ್ಲಿನ ಹಲವು ತಂಡಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಅದೇ ವರ್ಷದ ಕೊನೆಗೆ ವರದಿ ತಂದರು. ನ್ಯೂಟ್ರಾನ್, ಟ್ರಿಟಿಯಂ ಕಂಡವು ಎಂದು ಅದರಲ್ಲಿತ್ತು. ಜಗತ್ತಿನ ಬಹುಪಾಲು ಪ್ರಯೋಗಶಾಲೆಗಳಿಗೆ ಅದು ಮತ್ತೆ ಕಾಣಲಿಲ್ಲ. ವಿಷಯ ತಣ್ಣಗಾಯಿತು. ಆದರೂ ಖಾತೆ ಪೂರ್ತಿ ಮುಚ್ಚಲಿಲ್ಲ: ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ 2015ರ ಫೆಬ್ರುವರಿ 25ರ ಸಂಚಿಕೆಯಲ್ಲಿ ಈ ವಿಷಯಕ್ಕೇ ವಿಶೇಷ ವಿಭಾಗ ಮೀಸಲಿಟ್ಟಿತು. 2019ರಲ್ಲಿ ಗೂಗಲ್ ಹಣ ಕೊಟ್ಟು ನಡೆಸಿದ ಮರುಪರೀಕ್ಷೆಯ ತಂಡ 'ನೇಚರ್'ನಲ್ಲಿ ಬರೆಯಿತು: ಯೂಟಾದವರು ಹೇಳಿದ್ದಕ್ಕೆ ಪುರಾವೆ ಸಿಗಲಿಲ್ಲ, ಪಲ್ಲೇಡಿಯಂಗೆ ಅಷ್ಟು ಹೈಡ್ರೋಜನ್ ತುಂಬುವುದೇ ಬಹಳ ಕಷ್ಟ. 2025ರ ಆಗಸ್ಟಿನಲ್ಲಿ ಅದೇ ಪತ್ರಿಕೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರ ಇನ್ನೊಂದು ಬರಹ ಬಂತು. ಪಲ್ಲೇಡಿಯಂ ತಟ್ಟೆಯ ಒಂದು ಮುಖಕ್ಕೆ ಭಾರ ಹೈಡ್ರೋಜನ್‌ನ ಕಣಗಳನ್ನು ವೇಗವಾಗಿ ಹೊಡೆಯುತ್ತ, ಇನ್ನೊಂದು ಮುಖದಿಂದ ವಿದ್ಯುತ್ ಮೂಲಕ ಅದನ್ನೇ ತುಂಬಿಸಿದಾಗ ಸಮ್ಮಿಳನದ ವೇಗ ನೂರಕ್ಕೆ 15ರಷ್ಟು ಏರಿತಂತೆ. ಹಾಕಿದ ಶಕ್ತಿಯ ಮುಂದೆ ಬಂದದ್ದು ಕಣ್ಣಿಗೆ ಕಾಣದಷ್ಟು ಅಲ್ಪ. ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. 1989ರ ಗದ್ದಲಕ್ಕಿಂತ ಈ ನೂರಕ್ಕೆ 15 ನನಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ, ಏಕೆಂದರೆ ಇದರ ಜಮೆ-ಖರ್ಚು ಎರಡೂ ಕಾಣುತ್ತವೆ.

ಸಮ್ಮಿಳನದ ಮಾತು ಬಿಟ್ಟರೂ ಹೈಡ್ರೋಜನ್ ತುಂಬಿದ ಲೋಹ ನಮ್ಮ ಸುತ್ತಲೇ ಇದೆ. 2013ರಲ್ಲಿ ಬಿಡದಿಯ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಶುರುವಾಯಿತು. ಅದರ ಬ್ಯಾಟರಿ ನಿಕ್ಕೆಲ್-ಮೆಟಲ್ ಹೈಡ್ರೈಡ್. ಚಾರ್ಜ್ ಮಾಡುವುದೆಂದರೆ ನೀರು ಒಡೆದು ಬಂದ ಹೈಡ್ರೋಜನ್ನನ್ನು ಮಿಶ್ರಲೋಹದ ಒಳಗೆ ಕೂರಿಸುವುದು. ಕಾರು ಓಡುವಾಗ ಅದು ಗುಳ್ಳೆಯಾಗದೆ, ಎಲೆಕ್ಟ್ರಾನನ್ನು ತಂತಿಗೆ ಕೊಟ್ಟು, ಮತ್ತೆ ನೀರಾಗಿ ಹೋಗುತ್ತದೆ. ಇಲ್ಲಿ ಗುಳ್ಳೆ ಬಂದರೆ ನಷ್ಟ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಕೆಲಸವೂ ನಡೆದಿದೆ: ನಿಕ್ಕೆಲ್‌ಗೆ ಬೇರೆ ಬೇರೆ ಲೋಹ ಬೆರೆಸಿದ ಲೇಪಗಳ ಮೇಲೆ ಹೈಡ್ರೋಜನ್ ಎಷ್ಟು ಸಲೀಸಾಗಿ ಹೊಮ್ಮುತ್ತದೆ ಎಂದು ಅಳೆಯುವುದು. ಅಲ್ಲಿ ಗುಳ್ಳೆಯೇ ಲಾಭ. ಅದೇ ಪ್ರೋಟಾನ್, ಅದೇ ಎಲೆಕ್ಟ್ರಾನ್. ಹೊರಡುವ ಬಾಗಿಲು ಯಾವುದು ಎಂಬುದರ ಮೇಲೆ ಅದು ಇಂಧನವೋ, ಕರೆಂಟೋ, ಬೋಲ್ಟಿನ ಬಿರುಕೋ ಎಂಬುದು ತೀರ್ಮಾನವಾಗುತ್ತದೆ. ಲೋಹದ ಮೈಮೇಲಿನ ಒಂದೇ ಒಂದು ಪದರ ಪರಮಾಣುಗಳ ಮೇಲೆ ನಡೆಯುವ ಈ ತೀರ್ಮಾನವನ್ನು ಯಾರೂ ಕಣ್ಣಾರೆ ನೋಡಲಾರರು. ಅಳತೆಯ ಮೂಲಕವೇ ಅದನ್ನು ಮುಟ್ಟಬೇಕು.

ಲೆಕ್ಕ ಒಣ, ಬೆರಗು ಹಸಿ. ಲೆಕ್ಕ ಹಾಕುವವನಿಗೆ ಬೆರಗು ದಕ್ಕದು ಎಂದು ಸಾಹಿತ್ಯದವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ, ನಾನೂ ಆ ಗುಂಪಿನವನೇ. ಗ್ರಹಾಂನ ತಂತಿ ಆ ಮಾತಿಗೆ ಒಪ್ಪುವುದಿಲ್ಲ. ಎರಡು ಪಾಲು ಬರಬೇಕು ಎಂದು ಗೊತ್ತಿದ್ದವನಿಗೇ ಬಾರದ ಪಾಲು ಕಂಡಿತು. ಕಲ್ಯಾಣದ ಭಂಡಾರಿಗೂ ಇದು ಹೊಸ ಮಾತಾಗಿರಲಾರದು. ಹಗಲೆಲ್ಲ ರಾಜನ ಜಮೆ-ಖರ್ಚು ಬರೆದವನೇ ಮನುಷ್ಯನ ಒಳಗಿನ ಜಮೆ-ಖರ್ಚನ್ನು ಅಷ್ಟು ನಿಷ್ಠುರವಾಗಿ ನೋಡಬಲ್ಲವನಾದ.

ಹಾಗಾಗಿ ನಮ್ಮ ಹೈಸ್ಕೂಲುಗಳ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಪೆನ್ಸಿಲ್ ಕಡ್ಡಿಗಳನ್ನು ನೀರಿಗಿಳಿಸಿ ಮಕ್ಕಳು ಮಾಡುವ ಪ್ರಯೋಗದಲ್ಲಿ ಅನುಪಾತ ಸರಿಯಾಗಿ ಎರಡಕ್ಕೊಂದು ಬರುವುದು ಅಪರೂಪ. ಆಮ್ಲಜನಕ ಕೊಂಚ ನೀರಿನಲ್ಲೇ ಕರಗುತ್ತದೆ, ಕೊಂಚ ಕಡ್ಡಿಯ ಇಂಗಾಲವನ್ನೇ ತಿಂದು ಬೇರೆ ಅನಿಲವಾಗುತ್ತದೆ; ಹೀಗೆ ಅದರ ಪಾಲು ಕಡಿಮೆಯೇ ಬೀಳುತ್ತದೆ. ಆದರೂ ಪ್ರಾಕ್ಟಿಕಲ್ ಪುಸ್ತಕದಲ್ಲಿ ಎಲ್ಲ ಮಕ್ಕಳದೂ 2:1. ಪುಸ್ತಕದ ಉತ್ತರ ನೋಡಿ ಬರೆದದ್ದು. ಎರಡೂಕಾಲು ಬಂದ ಹುಡುಗಿ ಎರಡೂಕಾಲು ಎಂದೇ ಬರೆಯಲಿ, ಉಳಿದದ್ದು ಎಲ್ಲಿ ಹೋಯಿತು ಎಂದು ಕೆಳಗೆ ಒಂದು ಸಾಲು ಪ್ರಶ್ನೆಯನ್ನೂ ಬರೆಯಲಿ. ಅವಳಿಗೆ ಪೂರ್ತಿ ಅಂಕ ಕೊಡಿ. ಸರಿಯಾದ ಉತ್ತರ ನಕಲು ಮಾಡಿದವರಿಗೆ ಪಾಠ ಅಲ್ಲಿಗೇ ಮುಗಿಯುತ್ತದೆ. ಅವಳ ಪಾಠ ಮುಂದುವರಿಯುತ್ತದೆ.